ಟೋಲೆಫ್ ಎಸೆದ ಕೊನೆಯ ಚೆಂಡು

ಟೋಲೆಫ್ ಬ್ರೆಕ್ಕೆಗೆ ಓಡುವುದಕ್ಕೆ ಬರುತ್ತಿರಲಿಲ್ಲ. ಓಡಿದರೆ ಮಂಜುಗಡ್ಡೆಯ ಮೇಲೆ ಬಿಟ್ಟ ಹಸುವಿನ ಹಾಗೆ ಕಾಣುತ್ತಿದ್ದ. ಅಂಥವನು 1907ರ ಚಳಿಗಾಲದಲ್ಲಿ ಮಿನೆಸೋಟದ ನಮ್ಮ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡದ ಐವರಲ್ಲಿ ಒಬ್ಬನಾದದ್ದು ಒಂದೇ ಒಂದು ವಿದ್ಯೆಯ ಬಲದಿಂದ. ಆಗಿನ ಪದ್ಧತಿ ಹಾಗಿತ್ತು: ಎದುರಾಳಿ ತಪ್ಪಾಡಿದರೆ, ಏಟು ಯಾರಿಗೇ ಬಿದ್ದಿರಲಿ, ಗೆರೆಯ ಹಿಂದೆ ನಿಂತು ಬುಟ್ಟಿಗೆ ಚೆಂಡೆಸೆಯುವವನು ಇಡೀ ತಂಡಕ್ಕೆ ಒಬ್ಬನೇ. ಮೊಣಕಾಲು ಬಗ್ಗಿಸಿ, ಎರಡೂ ಕೈಯಿಂದ ಚೆಂಡನ್ನು ಕೆಳಗಿನಿಂದ ತೂರುವುದರಲ್ಲಿ ಟೋಲೆಫ್‌ನದು ಎತ್ತಿದ ಕೈ.

ಹಿಂದಿನ ವರ್ಷ ಆ ಕೆಲಸ ನಾಯಕ ಗಿಲ್ಬರ್ಟ್ ಓಸ್ಲಾಂಡ್‌ನದು. ಅವನೇ ಬಿಟ್ಟುಕೊಟ್ಟಿದ್ದ. "ಇವನಿಗೆ ಕಾಲಿಲ್ಲವಲ್ಲೋ" ಎಂದು ಉಳಿದವರು ಗೊಣಗಿದಾಗ, "ಕಾಲು ನಿಮಗಿದೆಯಲ್ಲ, ನೀವು ಓಡಿ" ಎಂದಿದ್ದ. ಅಲ್ಲಿಯವರೆಗೆ ಊಟದ ಮೇಜಿನಲ್ಲಿ ಯಾರೂ ಪಕ್ಕಕ್ಕೆ ಕರೆಯದಿದ್ದ ಟೋಲೆಫ್‌ಗೆ ಈಗ ಎಲ್ಲರೂ ಜಾಗ ಮಾಡಿಕೊಡುವವರೇ. ಆ ಗೆರೆಯೊಂದು ಕೈತಪ್ಪಿದರೆ ತಾನು ಮತ್ತೆ ಯಾರಿಗೂ ಬೇಡದವನು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ತಂಡ ಗೆಲ್ಲುತ್ತಲೇ ಹೋಯಿತು. ಕೊನೆಯ ಪಂದ್ಯ ಪಕ್ಕದೂರಿನ ಕಾಲೇಜಿನ ಮೇಲೆ. ಗಿಲ್ಬರ್ಟ್ ಪಾದ್ರಿಯ ಓದಿಗೆ ಹೊರಟಿದ್ದ, ಅವನಿಗೆ ಅದೇ ಕಡೆಯ ಆಟ. ಹಿಮ ಬಿದ್ದು ರೈಲು ನಿಂತಿದ್ದರಿಂದ ಕುದುರೆ ಎಳೆಯುವ ಜಾರುಬಂಡಿಯಲ್ಲೇ ಹೋದರು. ಚೆಂಡು ಇವರದೇ, ಅದರ ಉಸ್ತುವಾರಿ ಟೋಲೆಫ್‌ನದು. ಚಳಿಗೆ ಚರ್ಮ ಸೆಟೆದುಕೊಂಡರೆ ಚೆಂಡು ಮಾತು ಕೇಳುವುದಿಲ್ಲ ಎಂದು ಈ ಪುಣ್ಯಾತ್ಮ ತನ್ನ ಕಂಬಳಿಯನ್ನು ಅದಕ್ಕೆ ಸುತ್ತಿ, ಕೈಗವಸನ್ನೂ ಕಳಚಿ ಚೆಂಡಿಗೆ ದಾರ ಹೊಲಿದ ಸೀಳಿನ ಮೇಲೆ ಒತ್ತಿಟ್ಟ. ದಾರಿಯುದ್ದಕ್ಕೂ ಬರಿಗೈ! ಯಾರಾದರೂ ಬೈಯಬೇಕಿತ್ತು, ಆದರೆ ಎಲ್ಲರೂ ಕಂಬಳಿಯೊಳಗೆ ತಲೆ ಹುದುಗಿಸಿ ಕೂತಿದ್ದರು.

ಇಳಿದಾಗ ಟೋಲೆಫ್‌ನ ಬಲಗೈ ಬೆರಳುಗಳು ಮೇಣದಂತೆ ಬೆಳ್ಳಗಾಗಿದ್ದವು. ಬೂಟಿನ ದಾರ ಕಟ್ಟಲು ಆಗಲಿಲ್ಲ. ಗಿಲ್ಬರ್ಟ್ ನೋಡಿದ, ಮಂಡಿಯೂರಿ ತಾನೇ ಕಟ್ಟಿದ.

"ಕೈ ಹೇಗಿದೆಯೋ?"

"ಚೆನ್ನಾಗಿದೆ."

"ಎಸೀತೀಯಾ?"

"ಎಸೀದೆ ಇನ್ನೇನು, ನೋಡೋಕೆ ಬಂದಿದೀನಾ?"

ಗಿಲ್ಬರ್ಟ್ ಇನ್ನೊಂದು ಬೂಟಿನ ದಾರವನ್ನೂ ಬಿಗಿದು ಎದ್ದ.

ಆಟದಲ್ಲಿ ಟೋಲೆಫ್ ಎಸೆದದ್ದೆಲ್ಲ ಹೊರಗೆ ಬಿತ್ತು. ಬೆರಳಿಗೆ ಚೆಂಡು ಸಿಕ್ಕಿದೆಯೋ ಇಲ್ಲವೋ ಎಂಬುದೇ ತಿಳಿಯುತ್ತಿರಲಿಲ್ಲ. ಅಂಗಳದ ಸುತ್ತ ಕಟ್ಟಿದ ತಂತಿಬಲೆಯ ಆಚೆಯಿಂದ, "ಬುಟ್ಟಿ ಇಳಿಸಿ ಕೈಗೇ ಕೊಡ್ರೋ ಪಾಪ!" ಎಂದು ಜನ ಕೂಗಿದರು. ಕೊನೆಯ ಗಳಿಗೆಯಲ್ಲಿ, ಒಂದೇ ಅಂಕ ಹಿಂದಿರುವಾಗ, ಎದುರಾಳಿ ಮತ್ತೆ ತಪ್ಪಾಡಿದ. ಚೆಂಡು ಗಿಲ್ಬರ್ಟ್‌ನ ಕೈಯಲ್ಲಿತ್ತು. ಅವನು ಒಂದು ಕ್ಷಣ ತಡೆದು, ಅದನ್ನು ಟೋಲೆಫ್‌ಗೆ ಕೊಟ್ಟ. ಅದು ಬುಟ್ಟಿಯ ಅಂಚನ್ನೂ ಮುಟ್ಟಲಿಲ್ಲ. ಸೋತರು.

ಡಾಕ್ಟರು ಎರಡು ಬೆರಳ ತುದಿ ಕತ್ತರಿಸಿದರು. ಒಂದು ಮಾತು ಬಾಯಿಬಿಟ್ಟಿದ್ದರೆ ಗಿಲ್ಬರ್ಟ್ ತಾನೇ ಎಸೆದು ಗೆಲ್ಲಿಸುತ್ತಿದ್ದ, ತಾನು ಅವನಿಗೆ ಮೋಸ ಮಾಡಿದೆ ಎಂಬ ಕೊರಗು ಟೋಲೆಫ್‌ನ ಎದೆಯಲ್ಲಿ ಕೂತುಬಿಟ್ಟಿತು. ಗಿಲ್ಬರ್ಟ್ ನೋಡಲು ಬಂದಾಗ ಟೋಲೆಫ್ ಗೋಡೆಯತ್ತ ಮುಖ ತಿರುಗಿಸಿ ಮಲಗಿದ. ಕಾಲೇಜು ಬಿಟ್ಟ, ಬೆಣ್ಣೆ ಕಾರ್ಖಾನೆ ಸೇರಿದ. ಡಕೋಟದಲ್ಲಿ ಪಾದ್ರಿಯಾದ ಗಿಲ್ಬರ್ಟ್ ಊರಿಗೆ ಬಂದಾಗಲೆಲ್ಲ ಕಾರ್ಖಾನೆಗೆ ಬಂದು ವಿಚಾರಿಸುತ್ತಿದ್ದ. ಟೋಲೆಫ್‌ಗೆ ಆಗಲೇ ಹಿಂದಿನ ಕೋಣೆಯಲ್ಲಿ ಏನೋ ಕೆಲಸ ಬರುತ್ತಿತ್ತು. ಹೀಗೇ ವರ್ಷಗಳು ಕಳೆದವು. ಎಂಥ ಹಾಳು ನಾಚಿಕೆಯೋ!

ಗಿಲ್ಬರ್ಟ್ ಸತ್ತ ಮೇಲೆ ಅವನನ್ನು ಊರಿಗೇ ತಂದು ಮಣ್ಣು ಮಾಡಿದರು. ಇಗರ್ಜಿಯ ನೆಲಮಾಳಿಗೆಯಲ್ಲಿ ಕಾಫಿ ಕೊಡುತ್ತಿದ್ದ ಅವನ ತಂಗಿ ರಾಂಗ್ನ, ಟೋಲೆಫ್‌ನ ಮೊಂಡು ಬೆರಳುಗಳನ್ನು ಕಂಡು ನಿಂತಳು.

"ಟೋಲೆಫ್ ಅಂದ್ರೆ ನೀವೇನಾ? ನಿಮ್ಮ ಕೈ ಮರಗಟ್ಟಿದ್ದು ದಾರ ಕಟ್ಟುವಾಗ್ಲೇ ಅಣ್ಣನಿಗೆ ಗೊತ್ತಿತ್ತಂತೆ. ಟೋಲೆಫ್‌ಗೆ ಇದ್ದಿದ್ದು ಆ ಎಸೆತ ಒಂದೇ, ಅದನ್ನೂ ಹೇಗೆ ಕಿತ್ಕೊಳ್ಳಲಿ ಅಂತ ಸುಮ್ಮನಾದನಂತೆ. ಅವತ್ತೇ ತಡೆದು ಬೆಂಕಿ ಹತ್ರ ಕೂರಿಸಿದ್ರೆ ಬೆರಳು ಉಳೀತಿತ್ತು ಅಂತ ಕೊನೇವರೆಗೂ ಕೊರಗಿದ. ನೀವು ಮುಖ ತೋರಿಸ್ತಿರಲಿಲ್ವಲ್ಲ. ಟೋಲೆಫ್‌ಗೆ ನನ್ನ ಮೇಲೆ ಇನ್ನೂ ಸಿಟ್ಟಿದೆಯಾ ಅಂತ ಬಂದಾಗಲೆಲ್ಲ ಕೇಳ್ತಿದ್ದ."

ಟೋಲೆಫ್ ಕಾಫಿ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಸಿಟ್ಟಿಲ್ಲಮ್ಮ" ಎಂದ. "ಸಿಟ್ಟು ಯಾವತ್ತೂ ಇರಲಿಲ್ಲ."