ಕೈ ಚಾಚಿ ಪಡೆದ ಔಟು

ಗೋಕಾಕದ ಮಾಲಿಂಗಪ್ಪ ದರ್ಜಿ. ಹರೆಯದಲ್ಲಿ ಪುಣೆಯ ದಂಡಿನಲ್ಲಿ ಸಿಪಾಯಿಗಳ ಬಟ್ಟೆ ಹೊಲಿದುಕೊಂಡಿದ್ದು ಊರಿಗೆ ಮರಳಿದವನು. ಬರುವಾಗ ಒಂದು ಹೊಲಿಗೆ ಮಶಿನ್ನಿನ ಜೊತೆ ಕ್ರಿಕೆಟ್ಟಿನ ಹುಚ್ಚನ್ನೂ ಹೊತ್ತು ತಂದಿದ್ದ. ಕಾಲು ಕುಂಟಾದ್ದರಿಂದ ಆಡಲಾಗುತ್ತಿರಲಿಲ್ಲ. ಕಾಯಿದೆಗಳು ಮಾತ್ರ ಬಾಯಿಪಾಠ. ಸಂಜೆ ಅಂಗಡಿಯ ಕಟ್ಟೆಗೆ ಬಂದವರಿಗೆ ಒಗಟು ಹಾಕುವಂತೆ ಕೇಳುತ್ತಿದ್ದ.

“ಚೆಂಡು ಗೂಟಕ್ಕ ಬಡೀತು, ಮ್ಯಾಲಿನ ಕಟಗಿ ಬೀಳಲಿಲ್ಲ. ಔಟ್ ಹೌದೋ ಅಲ್ಲೋ?”

“ಔಟ್!”

“ಅಲ್ಲೋ ಮಾರಾಯ. ಕಟಗಿ ಬೀಳಬೇಕು. ಇನ್ನೊಂದು ಕೇಳ್ರಿ. ಬ್ಯಾಟ್ ಹಿಡದಾಂವ ಕಾಲಾಗ ಬಿದ್ದ ಚೆಂಡು ಎತ್ತಿ ಕೊಟ್ರ?”

“ಉಪಕಾರ ಮಾಡಿದಂಗಾತು.”

“ಎದುರಿನವರು ಬೇಡಿದ್ರ ಉಪಕಾರ. ಬೇಡದಿದ್ರೂ ಮುಟ್ಟಿದ್ರ ಔಟ್!”

ಎಲ್ಲರೂ ನಕ್ಕರು. ಊರ ತಂಡದ ಕಪ್ತಾನ ಪರಪ್ಪ ಮಾತ್ರ ನಗದೆ, “ಇನ್ನೊಮ್ಮಿ ಹೇಳ್ರಿ ಕಾಕಾ” ಎಂದ.

ಅದೇ ಚಳಿಗಾಲ, ೧೯೩೨ರಲ್ಲಿ, ಹುಕ್ಕೇರಿಯವರು ಆಡಲು ಬಂದರು. ಮಾಲಿಂಗಪ್ಪನೇ ಅಂಪೈರ್. ಹುಕ್ಕೇರಿಯ ಕಾಳಿನ ವ್ಯಾಪಾರಿಯ ಮಗ ಜಯಪಾಲ ಎಂಥ ಚೆಂಡಿಗೂ ಜಗ್ಗದೆ ಆಡುತ್ತಿದ್ದ. ಗೋಕಾಕ ಸೋಲುವುದು ಖಚಿತವಾಗಿತ್ತು. ಆಗ ಒಂದು ಚೆಂಡು ಜಯಪಾಲನ ಕಾಲ ಬಳಿಯೇ ನಿಂತಿತು. ಹತ್ತಿರವಿದ್ದ ಪರಪ್ಪ ನೋವು ಬಂದವನಂತೆ ಒಂದು ಕೈಯಲ್ಲಿ ಸೊಂಟ ಹಿಡಿದು ಇನ್ನೊಂದು ಕೈ ಚಾಚಿದ. ಜಯಪಾಲ ಬಗ್ಗಿ ಚೆಂಡೆತ್ತಿ ಅವನ ಅಂಗೈಗೆ ಇಟ್ಟ.

“ಹೆಂಗ್ರಿ ಅಂಪೈರ್! ಔಟ್ ಐತೇನ್ರಿ?” ಪರಪ್ಪ ಕೂಗಿದ.

ಚೇಷ್ಟೆಯೆಂದುಕೊಂಡು ಜಯಪಾಲ ನಕ್ಕ.

“ಚೆಂಡು ಕೊಡು ಅಂದೇನ್ ನೀ?” ಮಾಲಿಂಗಪ್ಪ ಕೇಳಿದ.

“ಬಾಯಿ ತಗದಿಲ್ರಿ ಕಾಕಾ. ಯಾರನ್ನರ ಕೇಳ್ರಿ.”

ಚಾಚಿದ ಕೈಯನ್ನು ಮಾಲಿಂಗಪ್ಪ ಕಂಡಿದ್ದ. ಆದರೆ ಬೇಡುವುದೆಂದರೆ ಬಾಯಿಬಿಟ್ಟು ಬೇಡುವುದೆಂದೇ ಅವನು ತಿಳಿದಿದ್ದ. ಸುತ್ತ ಊರ ಮಂದಿ ಅರಚುತ್ತಿದ್ದರು. ಅವನು ಬೆರಳೆತ್ತಿದ. ಜಯಪಾಲನ ನಗು ಆರಿತು. ಬ್ಯಾಟನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟುಹೋದ. ಗೋಕಾಕ ಗೆದ್ದಿತು.

ಮರುದಿನ ಪರಪ್ಪನ ಮನೆಯಲ್ಲಿ ಗೆದ್ದ ತಂಡಕ್ಕೂ ಮಾಲಿಂಗಪ್ಪನಿಗೂ ಹುಗ್ಗಿಯ ಊಟ. ಪರಪ್ಪ ಸೊಂಟ ಹಿಡಿದ ನಾಟಕವನ್ನು ಪಂಕ್ತಿಯ ನಡುವೆ ಎದ್ದುನಿಂತು ಮತ್ತೆ ಮಾಡಿ ತೋರಿಸಿದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಆಮೇಲೆ ಕೂತು, ಮಾತಾಡುತ್ತಲೇ ತುಪ್ಪದ ಕಡೆಗೆ ಕೈ ಚಾಚಿದ. ಅವನ ತಾಯಿ ಶೆಟ್ಟೆವ್ವ ಬಂದು ತುಪ್ಪ ಸುರಿದಳು.

ಮಾಲಿಂಗಪ್ಪ ಕೈಯಲ್ಲಿದ್ದ ತುತ್ತನ್ನು ಎಲೆಗೆ ಹಾಕಿದ.

“ಈಗ ನೀ ತುಪ್ಪಾ ಬೇಡಿದ್ಯೋ ಇಲ್ಲೋ?”

“ಏನ್ರಿ ಕಾಕಾ?”

“ಬಾಯಿ ತಗೀಲಿಲ್ಲ. ನಿಮ್ಮವ್ವಗ ತಿಳೀತು. ಆ ಹುಡುಗಗೂ ಹಂಗ ತಿಳೀತು. ಥೂ!”

ಎಂಜಲು ಕೈಯಲ್ಲೇ ಎದ್ದು ನಡೆದ.

ಸಂತೆಯ ದಿನ ಹುಕ್ಕೇರಿಗೆ ಹೋಗಿ ಜಯಪಾಲನ ಅಂಗಡಿಯ ಮುಂದೆ ನಿಂತ. “ನೀ ಔಟ್ ಇರಲಿಲ್ಲಪಾ. ಆಂವ ಬೇಡಿದ್ದ. ನಾನ ತಪ್ಪ ಕೊಟ್ಟೆ.”

“ಹೋಗ್ಲಿ ಬಿಡ್ರಿ ಕಾಕಾ, ಆಟಾ ಮುಗೀತು” ಎಂದ ಜಯಪಾಲ. ಆಮೇಲೆ, “ಖರೆ ಹೇಳ್ತೇನ್ರಿ, ಮೊನ್ನೆ ಒಬ್ಬಾಕಿ ಮುದುಕಿ ಬುಟ್ಟಿ ಎತ್ತಿ ಕೊಡಪಾ ಅಂದ್ಲು. ನನ್ನ ಕೈ ಹಿಂದ ಸರೀತ್ರಿ. ನನ್ನ ಮ್ಯಾಲ ನನಗ ಹೇಸಿಗಿ ಬಂತು” ಎಂದ.

ಮಾಲಿಂಗಪ್ಪ ಅಂಗಡಿಯಲ್ಲಿ ಕೊಟ್ಟ ನೀರನ್ನೂ ಕುಡಿಯದೆ ಬಂದ.

ಆಮೇಲೆ ಅವನು ಅಂಪೈರಾಗಲಿಲ್ಲ. ಪರಪ್ಪ ಪಾಟಲೋಣು ಹೊಲಿಸಲು ಬಟ್ಟೆ ತಂದಾಗ ಹಾಗೇ ಹಿಂದಕ್ಕೆ ದೂಡಿದ.

“ಕಾಯಿದೆ ಹೇಳಿದಾವ್ರು ನೀವ ಅಲ್ರಿ ಕಾಕಾ!”

“ಹೌದು. ಅದಕ್ಕ ನಿನ್ನಷ್ಟ ನನ್ನ ಮ್ಯಾಲೂ ಹೇಸಿಗಿ ಐತಿ. ಬಟ್ಟಿ ತಗೊಂಡ್ ನಡಿ.”

ಕಟ್ಟೆಗೆ ಜನ ಬರುತ್ತಲೇ ಇದ್ದರು. ಯಾರಾದರೂ ಒಗಟು ಹಾಕೆಂದರೆ ಮಾಲಿಂಗಪ್ಪ ಮಶಿನ್ ಜೋರಾಗಿ ತುಳಿಯುತ್ತಿದ್ದ.