ಕನ್ನೊಳ್ಳಿ ಮಾಸ್ತರರ ಮೇದೋಜೀರಕ

ಮೂವತ್ತೊಂಬತ್ತು ತುಂಬಿದ ವರ್ಷ ನಾನು ಮತ್ತೆ ವಿದ್ಯಾರ್ಥಿನಿಯಾದೆ. ಅಷ್ಟರಲ್ಲಾಗಲೇ ಹತ್ತು ವರ್ಷದಿಂದ ಸ್ಕ್ಯಾನಿಂಗ್ ಡಾಕ್ಟರು. ವಾರದಲ್ಲಿ ನಾಲ್ಕು ದಿನ ಸಿಂದಗಿ, ಎರಡು ದಿನ ಇಂಡಿ. ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯವರೂ ಬಸ್ಸು ಹಿಡಿದು ಬರುತ್ತಿದ್ದರು. ಬಂದವರಲ್ಲಿ ಮುಕ್ಕಾಲು ಪಾಲು ಬಸುರಿಯರು. ‘ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ’ ಎಂಬ ಬೋರ್ಡನ್ನು ಹೊರಗೆ ಕೂತು ಪೂರ್ತಿ ಓದಿ, ಒಳಗೆ ಬಂದು ಮಲಗಿದ ಮೇಲೆ ಕೇಳುತ್ತಿದ್ದರು.

“ಬಾಯಾರ, ಏನೈತ್ರಿ?”

“ಕೂಸ ಐತ್ರಿ,” ಎನ್ನುತ್ತಿದ್ದೆ.

ಉಳಿದ ಕಾಲು ಭಾಗ ಹೊಟ್ಟೆನೋವಿನವರು. ಪಿತ್ತಕೋಶದ ಕಲ್ಲು, ಕಿಡ್ನಿಯ ಕಲ್ಲು ನನಗೆ ಕೂಡಲೇ ಸಿಗುತ್ತಿದ್ದವು. ಲಿವರಿನಲ್ಲೊಂದು ಕಲೆ ಕಂಡರೆ, ಕರುಳಿನ ಗೋಡೆ ದಪ್ಪಗಿದ್ದರೆ, ‘ಹೆಚ್ಚಿನ ಪರೀಕ್ಷೆಗೆ ವಿಜಯಪುರಕ್ಕೆ ಕಳಿಸುವುದು’ ಎಂದು ಬರೆಯುತ್ತಿದ್ದೆ. ಒಂದು ದಿನ ಹಾಗೆ ಬರೆದ ಐದನೆಯ ರಿಪೋರ್ಟಿಗೆ ಸಹಿ ಹಾಕುವಾಗ, ಜನರನ್ನು ವಿಜಯಪುರಕ್ಕೆ ಕಳಿಸುವ ಕೆಲಸವನ್ನು ಬಸ್ ಕಂಡಕ್ಟರೂ ಮಾಡುತ್ತಾನಲ್ಲ ಅನಿಸಿತು. ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಹೊಟ್ಟೆಯ ಸ್ಕ್ಯಾನುಗಳನ್ನಷ್ಟೇ ಓದುವುದನ್ನು ಕಲಿಸುವ ಒಂದು ವರ್ಷದ ಉನ್ನತ ತರಬೇತಿ ಇತ್ತು. ಅರ್ಜಿ ಹಾಕಿದೆ. ಸೀಟು ಸಿಕ್ಕಿತು.

ನಮ್ಮ ಅತ್ತೆ ಚಡಚಣದವರು. ಅಕ್ಕಿ ಆರಿಸುತ್ತಾ ಕೇಳಿಸಿಕೊಂಡರು.

“ಹನ್ನೆರಡ ವರ್ಷ ಡಾಕ್ಟರಕಿ ಓದಿದಿ. ಹೊಟ್ಟಿ ಒಂದ ಬಿಟ್ಟಿದ್ದರೇನ?”

“ಬಿಟ್ಟಿದ್ದಿಲ್ಲರಿ ಅತ್ತಿ. ಭಾಳ ಹೇಳಿದ್ದಿಲ್ಲ.”

“ಮತ್ತ ಇಷ್ಟ ದಿವಸ ಮಂದೀದು ಏನ ನೋಡಿದಿ?”

ವಕೀಲರಾದ ನನ್ನ ಗಂಡ ಅಲ್ಲೇ ಕೂತಿದ್ದರು, ನನ್ನ ಪರ ವಾದಿಸಲಿಲ್ಲ. ಹೋಗಿ ಬಾ ಎಂದರು.

ಹೊರಡುವ ವಾರ ಮಾಸ್ತರರು ಬಂದರು. ಹೈಸ್ಕೂಲಿನಲ್ಲಿ ನನಗೆ ಗಣಿತ ಕಲಿಸಿದವರು. ನಿವೃತ್ತರಾಗಿ ಊರಾದ ಕನ್ನೊಳ್ಳಿಯಲ್ಲಿದ್ದರು. ಎರಡು ತಿಂಗಳಿಂದ ಮೇಲ್ಹೊಟ್ಟೆಯಲ್ಲಿ ನೋವು, ಊಟ ಸೇರುತ್ತಿಲ್ಲ ಎಂದರು. ಹೊರಗೆ ಇಪ್ಪತ್ತು ಜನ ಕಾಯುತ್ತಿದ್ದರು. ನೋಡಿದೆ. ಪಿತ್ತಕೋಶ ಸರಿ ಇತ್ತು, ಲಿವರ್ ಸರಿ ಇತ್ತು. ಹೊಟ್ಟೆಯ ಹಿಂಬದಿಯಲ್ಲಿ ಅಡ್ಡಲಾಗಿ ಮಲಗಿರುವ ಮೇದೋಜೀರಕ ಎಂಬ ಗ್ರಂಥಿ ಮಾತ್ರ ಕಾಣಲಿಲ್ಲ. ಕರುಳಿನ ಗ್ಯಾಸು ಅದಕ್ಕೆ ಅಡ್ಡ ಬಂದಿತ್ತು. ಎಲ್ಲ ಸ್ಕ್ಯಾನಿಂಗ್ ಡಾಕ್ಟರರೂ ಬರೆಯುವಂತೆ ನಾನೂ ಬರೆದೆ: ‘ಗ್ಯಾಸಿನಿಂದಾಗಿ ಮೇದೋಜೀರಕ ಸ್ಪಷ್ಟವಾಗಿ ಕಾಣಲಿಲ್ಲ.’ ಆಶೀರ್ವಾದ ತೆಗೆದುಕೊಂಡೆ. ಮಾಸ್ತರರು ರಿಪೋರ್ಟನ್ನು ಮಡಚಿ ಜೇಬಿಗಿಟ್ಟುಕೊಂಡು ಹೋದರು.

ಬೆಂಗಳೂರಿನಲ್ಲಿ ನನ್ನ ಜೊತೆಗೆ ಇನ್ನಿಬ್ಬರು ಕಲಿಯುವವರಿದ್ದರು. ಇಬ್ಬರೂ ನನಗಿಂತ ಹತ್ತು ವರ್ಷ ಚಿಕ್ಕವರು. ಮೊದಲ ವಾರ ಮೇಡಂ ಎಂದರು, ಮೂರನೆಯ ವಾರಕ್ಕೆ ಅಕ್ಕ ಎಂದರು. ಕಿಟಕಿಯಿಲ್ಲದ ಕೋಣೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಪರದೆಗಳ ಮುಂದೆ ಕೂತು ಹೊಟ್ಟೆಗಳನ್ನು ನೋಡುವುದು ಕೆಲಸ. ಒಂದು ಸಿ.ಟಿ. ಸ್ಕ್ಯಾನೆಂದರೆ ಒಬ್ಬ ಮನುಷ್ಯನನ್ನು ಸೌತೆಕಾಯಿಯಂತೆ ತೆಳ್ಳಗೆ ಹೆಚ್ಚಿದ ನೂರಾರು ಚಿತ್ರಗಳು. ಅವನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಉರುಳಿಸುತ್ತಾ ಇರಬೇಕು.

ನಮಗೆ ಕಲಿಸುತ್ತಿದ್ದ ಪ್ರೊಫೆಸರ್ ಮೈಸೂರು ಕಡೆಯವರು. ಸಣ್ಣ ದೇಹ, ಸಣ್ಣ ದನಿ. ಯಾರನ್ನೂ ಬೈಯುತ್ತಿರಲಿಲ್ಲ, ಪ್ರಶ್ನೆ ಕೇಳುತ್ತಿದ್ದರು. ಮೊದಲ ದಿನ ಒಂದು ಸ್ಕ್ಯಾನು ತೋರಿಸಿ ಲಿವರ್ ಹೇಗಿದೆ ಎಂದರು.

“ಲಿವರ್ ಚಲೋ ಐತ್ರಿ ಮೇಡಂ,” ಎಂದೆ.

“ಚಲೋನಾ? ಎಲ್ಲಿಗೆ ಹೊರಟಿದೆ?”

ನಕ್ಕರೋ ಇಲ್ಲವೋ ಆ ಕತ್ತಲೆಯಲ್ಲಿ ತಿಳಿಯಲಿಲ್ಲ.

ವಾರಕ್ಕೊಮ್ಮೆ ಸರ್ಜನ್‌ಗಳ ಜೊತೆ ಸಭೆ. ನಾವು ಸ್ಕ್ಯಾನಿನಲ್ಲಿ ಏನಿದೆ ಎಂದಿದ್ದೆವು, ಹೊಟ್ಟೆಯೊಳಗೆ ನಿಜವಾಗಿ ಏನಿತ್ತು ಎಂಬುದನ್ನು ಎಲ್ಲರೆದುರು ಹೋಲಿಸುತ್ತಿದ್ದರು. ನನ್ನ ಮೊದಲ ಸಭೆಯಲ್ಲಿ ನಾನು ಒಬ್ಬರ ದೊಡ್ಡ ಕರುಳಿನಲ್ಲಿ ಗಡ್ಡೆ ಇದೆ ಎಂದು ಬರೆದಿದ್ದೆ. ಕರುಳಿನೊಳಗೆ ದುರ್ಬೀನಿನ ಕೊಳವೆ ಹಾಕಿ ನೋಡಿದ ಡಾಕ್ಟರು ಎದ್ದು ನಿಂತು, ಕರುಳು ಖಾಲಿ ಮಾಡಿಸಿದ ಮೇಲೆ ಅಲ್ಲಿ ಏನೂ ಇರಲಿಲ್ಲ, ಇದ್ದದ್ದು ಹಿಂದಿನ ದಿನದ ಊಟ ಎಂದರು. ಪ್ರೊಫೆಸರ್ ನನ್ನ ಕಡೆ ತಿರುಗಿ, “ಏನು ಊಟ ಮಾಡಿದ್ದರಂತೆ, ಕೇಳಿದ್ರಾ?” ಎಂದರು. ಕೇಳಿರಲಿಲ್ಲ. ಹತ್ತು ವರ್ಷದ ಅನುಭವಿ ನಾನು ಒಂದು ಊಟಕ್ಕೆ ಕ್ಯಾನ್ಸರ್ ಎಂದು ಹೆಸರಿಟ್ಟಿದ್ದೆ.

ಎರಡನೆಯ ತಿಂಗಳು, ಸಾದಾ ಸ್ಕ್ಯಾನಿಂಗ್ ಕೋಣೆಯಲ್ಲಿ, ಒಬ್ಬರ ರಿಪೋರ್ಟಿಗೆ ಗ್ಯಾಸಿನಿಂದಾಗಿ ಮೇದೋಜೀರಕ ಕಾಣಲಿಲ್ಲ ಎಂದು ಬರೆಯಹೊರಟೆ. ಪ್ರೊಫೆಸರ್ ಹಿಂದೆ ನಿಂತಿದ್ದರು.

“ಗ್ಯಾಸು ಎಲ್ಲರ ಹೊಟ್ಟೇಲೂ ಇರುತ್ತೆ. ನೀವೇನು ಮಾಡಿದಿರಿ?”

ರೋಗಿಗೆ ಎರಡು ಲೋಟ ನೀರು ಕುಡಿಸಿದರು. ಎಡಕ್ಕೆ ಹೊರಳಿಸಿದರು, ಎಬ್ಬಿಸಿ ಕೂಡಿಸಿದರು, ಮೆತ್ತಗೆ ಒತ್ತಿ ಹಿಡಿದು ಕಾದರು. ಐದು ನಿಮಿಷದಲ್ಲಿ ಮೇದೋಜೀರಕ, ಬಾಲದಂಥ ಎಡತುದಿಯೊಂದನ್ನು ಬಿಟ್ಟು, ಪೂರ್ತಿ ಪರದೆಯ ಮೇಲೆ ಬಂತು. ಇಷ್ಟು ಮಾಡಿಯೂ ಕಾಣದಿದ್ದರೆ, ಕಾಣಲಿಲ್ಲ, ನೋವು ಹೀಗೇ ಇದ್ದರೆ ಸಿ.ಟಿ. ಮಾಡಿಸಿ ಎಂದು ಬರೆಯಬೇಕು ಎಂದರು. ನನಗೆ ಮಾಸ್ತರರು ನೆನಪಾದರು. ಅಂದು ಸಂಜೆಯೇ ಫೋನು ಮಾಡಿದೆ. ಅವರ ಹೆಂಡತಿ ಎತ್ತಿದರು.

“ಆರಾಮ ಅದಾರ್ರಿ ಬಾಯಾರ. ನೀವು ಗ್ಯಾಸ ಅಂತ ಬರ್ದಿದ್ರಲ್ಲ, ಅದರ ಗುಳಗಿ ತಗೋಳಾಕತ್ತಾರ. ದಿನಾ ಎರಡ.”

ಆ ರಿಪೋರ್ಟು ಬರೆದು ಎರಡು ತಿಂಗಳಾಗಿತ್ತು. ನಾನು ಕಾಣಲಿಲ್ಲ ಎಂದು ಬರೆದದ್ದನ್ನು ಅವರು ಗ್ಯಾಸು ಕಂಡಿತು ಎಂದು ಓದಿಕೊಂಡಿದ್ದರು. ತಪ್ಪು ಓದಿದವರದಾಗಿರಲಿಲ್ಲ. ನಾಳೆಯೇ ವಿಜಯಪುರಕ್ಕೆ ಹೋಗಿ ಸಿ.ಟಿ. ಮಾಡಿಸಿ ಎಂದೆ. ಅವರು ಹಬ್ಬ ಮುಗಿಸಿ ಹತ್ತು ದಿನ ಬಿಟ್ಟು ಹೋದರು. ಅಷ್ಟರಲ್ಲಿ ಕಣ್ಣು ಹಳದಿಯಾಗಿತ್ತು. ಮೇದೋಜೀರಕದಲ್ಲಿ ಗಡ್ಡೆ, ಕ್ಯಾನ್ಸರ್ ಇರಬಹುದು ಎಂದು ರಿಪೋರ್ಟು ಬಂತು. ದೊಡ್ಡ ಆಪರೇಷನ್ ಆಗಬೇಕು, ಎಲ್ಲಿ ಮಾಡಿಸುತ್ತೀರಿ ಎಂದು ಅಲ್ಲಿಯ ಡಾಕ್ಟರು ಕೇಳಿದರಂತೆ. ನಮ್ಮ ಹುಡುಗಿ ಬೆಂಗಳೂರಾಗ ಅದಾಳ ಎಂದು ಮಾಸ್ತರರು ನಾನಿದ್ದಲ್ಲಿಗೇ ಬಂದರು.

ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಬೆಂಚಿನ ಮೇಲೆ ನೆಟ್ಟಗೆ ಕೂತಿದ್ದರು. ಮುಖವೆಲ್ಲ ಅರಿಶಿನ ಹಚ್ಚಿದಂತೆ. ನಾನು ಹೋಗಿ ಕಾಲಬಳಿ ಕುಕ್ಕರಿಸಿದೆ. ಗ್ಯಾಸಿನ ವಿಷಯ ಹೇಳಿ ಕ್ಷಮೆ ಕೇಳಿದೆ.

ಮಾಸ್ತರರು ಜೇಬಿನಿಂದ ನನ್ನ ಹಳೆಯ ರಿಪೋರ್ಟು ತೆಗೆದು ಬಿಚ್ಚಿದರು.

“ನಿಂದ ತಪ್ಪಿಲ್ಲ ಅನ್ನಂಗಿಲ್ಲವಾ. ಕಾಣಲಿಲ್ಲ ಅಂತ ಬರದಿ, ಅದು ಖರೆ. ಮುಂದ ಏನ ಮಾಡಬೇಕು ಅಂತ ಬರೀಲಿಲ್ಲ. ಲೆಕ್ಕ ಅರ್ಧಕ್ಕ ಬಿಟ್ಟಿ. ಅರ್ಧ ಮಾರ್ಕ ಕೊಡತೇನಿ.”

“ಸರ್, ನನ್ನಿಂದ ತಡ ಆತು.”

“ಆಗಲಿ. ನಾ ಎಲ್ಲಾರಿಗೂ ಹೋಗತೇನಿ ಅಂತ ಹೇಳಿ ಬಂದೇನಿ. ನೀ ಅಳಬ್ಯಾಡ, ಮಂದಿ ನೋಡತಾರ.”

ಎಲ್ಲರಿಗೂ ಹೇಳಿ ಬಂದಿದ್ದು ನಿಜ. ಪಕ್ಕದಲ್ಲಿದ್ದ ಅವರ ಹೆಂಡತಿ ವಿವರ ಕೊಟ್ಟರು. ಕೈಗಡಿಯಾರ ತಮ್ಮನಿಗೆ ಕೊಟ್ಟಿದ್ದರು. ಗಣಿತದ ಪುಸ್ತಕಗಳು ಸಾಲೆಗೆ ಹೋಗಿದ್ದವು. ಸೈಕಲ್ಲು ತಾಂಬಾ ಊರಿನ ಅಳಿಯನಿಗೆ. ಇಪ್ಪತ್ತು ವರ್ಷ ಮಾತು ಬಿಟ್ಟಿದ್ದ ಹೊಲದ ಪಕ್ಕದವನ ಮನೆಗೆ ತಾವೇ ಹೋಗಿ, ಬದುವಿನ ಜಗಳದಲ್ಲಿ ತಪ್ಪು ತಮ್ಮದೇ ಇತ್ತು ಎಂದು ಒಪ್ಪಿಕೊಂಡು, ಚಹಾ ಕುಡಿದು ಬಂದಿದ್ದರು.

ಅವರು ವಿಜಯಪುರದಿಂದ ತಂದ ಸ್ಕ್ಯಾನಿನ ಚಿತ್ರಗಳು ಮರುದಿನ ನನ್ನ ಪರದೆಗೆ ಬಂದವು. ರೋಗಿ ತೋರಿಸಿದ ಜಾಗವನ್ನು ಕೊನೆಗೆ ನೋಡಿ, ಇಲ್ಲದಿದ್ದರೆ ಉಳಿದದ್ದು ನಿಮಗೆ ಕಾಣುವುದೇ ಇಲ್ಲ ಎಂದು ಪ್ರೊಫೆಸರ್ ಯಾವಾಗಲೂ ಹೇಳುತ್ತಿದ್ದರು. ನಾನು ಅಂದು ಆ ಮಾತನ್ನು ಪಾಲಿಸಿದ್ದು ಶಿಸ್ತಿನಿಂದಲ್ಲ, ಹೆದರಿಕೆಯಿಂದ. ಮೇದೋಜೀರಕ ನೋಡುವ ಧೈರ್ಯವಿರಲಿಲ್ಲ. ಆದ್ದರಿಂದ ಲಿವರ್ ನೋಡಿದೆ, ಗುಲ್ಮ ನೋಡಿದೆ, ಕರುಳನ್ನು ಗೇಣು ಗೇಣಾಗಿ ನೋಡಿದೆ. ಕಿಡ್ನಿಗಳಿಗೆ ಬಂದೆ. ಎರಡೂ ಕಿಡ್ನಿಗಳಲ್ಲಿ ಅಲ್ಲಲ್ಲಿ ಮಸುಕಾದ ತೇಪೆಗಳಿದ್ದವು. ವಿಜಯಪುರದ ರಿಪೋರ್ಟಿನಲ್ಲಿ ಅವುಗಳ ಸುದ್ದಿ ಇರಲಿಲ್ಲ. ಆಮೇಲೆ, ನೋಡದೆ ವಿಧಿಯಿಲ್ಲದೆ, ಮೇದೋಜೀರಕಕ್ಕೆ ಹೋದೆ. ಗಡ್ಡೆ ಎಂದಿದ್ದ ತಲೆಯ ಭಾಗ ಉಬ್ಬಿತ್ತು, ಸರಿ. ಆದರೆ ಉಳಿದದ್ದೂ ತುದಿಯವರೆಗೆ ಒಂದೇ ಸಮನೆ ಊದಿತ್ತು. ಸುತ್ತಲೂ ಕಪ್ಪು ಅಂಚು, ಯಾರೋ ಪೆನ್ಸಿಲಿನಿಂದ ಎಳೆದಂತೆ.

ಎದ್ದು ಹೋಗಿ ಪ್ರೊಫೆಸರ್ ಮುಂದೆ ನಿಂತೆ.

“ಮೇಡಂ, ಇವರು ನನ್ನ ಮಾಸ್ತರ್ರು. ಅದಕ್ಕ ನನ್ನ ಮಾತು ನಂಬಬ್ಯಾಡ್ರಿ. ಆದ್ರ ಕಿಡ್ನಿ ಒಂದ ನೋಡ್ರಿ.”

ಅವರು ಬಂದು ಕೂತರು. ಹತ್ತು ನಿಮಿಷ ಚಿತ್ರಗಳನ್ನು ಮೇಲಕ್ಕೆ ಕೆಳಕ್ಕೆ ಉರುಳಿಸಿದರು. ಆಮೇಲೆ ಸರ್ಜನ್‌ಗೆ ಫೋನು ಮಾಡಿ, “ಸದ್ಯಕ್ಕೆ ಕೊಯ್ಯಬೇಡಿ,” ಎಂದರು.

ಕ್ಯಾನ್ಸರಿನಂತೆಯೇ ಕಾಣುವ ಇನ್ನೊಂದು ಕಾಯಿಲೆ ಇದೆ. ದೇಹ ತನ್ನ ಮೇಲೆ ತಾನೇ ತಿರುಗಿಬಿದ್ದು ಮೇದೋಜೀರಕವನ್ನು ಊದಿಸುತ್ತದೆ. ಕೆಲವೊಮ್ಮೆ ಕಿಡ್ನಿಯನ್ನೂ ಬಿಡುವುದಿಲ್ಲ. ಅದಕ್ಕೆ ಚಾಕು ಬೇಡ, ಗುಳಿಗೆ ಸಾಕು. ರಕ್ತ ಪರೀಕ್ಷೆ ಮಾಡಿಸಿದರು, ಬಾಯಿಯ ಮೂಲಕ ಕೊಳವೆ ಇಳಿಸಿ ಸೂಜಿಯಿಂದ ಚೂರು ತೆಗೆದು ನೋಡಿದರು. ಕ್ಯಾನ್ಸರಿನ ಗುರುತು ಸಿಗಲಿಲ್ಲ, ಇನ್ನೊಂದರದ್ದು ಸಿಕ್ಕಿತು. ಗುಳಿಗೆ ಶುರುವಾಯಿತು. ಎರಡು ವಾರ ಬಿಟ್ಟು ಮತ್ತೆ ಸ್ಕ್ಯಾನು ಮಾಡುವುದೆಂದಾಯಿತು.

ಆ ಎರಡು ವಾರ ಮಾಸ್ತರರು ಮತ್ತು ಅವರ ಹೆಂಡತಿ ಆಸ್ಪತ್ರೆಯ ಹತ್ತಿರದ ಛತ್ರದಲ್ಲಿದ್ದರು. ನಾನು ದಿನಾ ಸಂಜೆ ಹೋಗುತ್ತಿದ್ದೆ. ಕಣ್ಣಿನ ಹಳದಿ ಇಳಿಯುತ್ತಿದೆಯೇ ಎಂದು ನೋಡುತ್ತಿದ್ದೆ. ಅವರು ನಾನು ಕಲಿಯುತ್ತಿರುವುದು ಏನೆಂದು ಕೇಳುತ್ತಿದ್ದರು. ಹೇಳಿದರೆ, “ಉದಾಹರಣೆ ಕೊಡು,” ಎನ್ನುತ್ತಿದ್ದರು. ನನ್ನ ಜೀವನದಲ್ಲಿ ಅಷ್ಟು ಕಷ್ಟದ ಪರೀಕ್ಷೆ ಇನ್ನೊಂದಿಲ್ಲ.

ಎರಡನೆಯ ಸ್ಕ್ಯಾನಿನಲ್ಲಿ ಮೇದೋಜೀರಕ ಅರ್ಧಕ್ಕೆ ಇಳಿದಿತ್ತು. ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ನಾನು ಮೂರು ಸಲ ಹೆಸರು ನೋಡಿಕೊಂಡೆ, ಬೇರೆಯವರದ್ದೇನಾದರೂ ತೆರೆದಿದ್ದೇನೆಯೇ ಎಂದು. ಪ್ರೊಫೆಸರ್ ಬಂದು ನೋಡಿದರು. “ಹೂಂ,” ಎಂದರು. ಒಂದು ವರ್ಷದಲ್ಲಿ ಅವರಿಂದ ನನಗೆ ಸಿಕ್ಕ ಹೊಗಳಿಕೆ ಇಷ್ಟೇ. ನಾನು ಶೌಚಾಲಯಕ್ಕೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಹೊರಗೆ ಬಂದಾಗ ಜೊತೆಯ ಹುಡುಗಿ ಏನೂ ಕೇಳದೆ ಚಹಾ ತಂದುಕೊಟ್ಟಳು.

ಸುದ್ದಿ ಹೇಳಲು ಛತ್ರಕ್ಕೆ ಹೋದೆ. ಮಾಸ್ತರರ ಹೆಂಡತಿ ಸೆರಗಿನಿಂದ ಮುಖ ಮುಚ್ಚಿಕೊಂಡರು. ಮಾಸ್ತರರು, “ಹಂಗಾರ ಸಾಯಂಗಿಲ್ಲಾ?” ಎಂದರು.

“ಸದ್ಯಕ್ಕಿಲ್ಲರಿ ಸರ್.”

“ಆ ಬಾಜೂ ಹೊಲದಾವ್ಗ ತಪ್ಪ ನಂದ ಅಂದ ಬಂದೇನಲ್ಲ. ಇನ್ನ ಅವನ ಮಾರಿ ದಿನಾ ನೋಡಬೇಕು.”

ಮೊದಲ ಬಾರಿಗೆ ಅವರ ದನಿಯಲ್ಲಿ ಚಿಂತೆ ಕೇಳಿಸಿತು.

ಊರಿಗೆ ಮರಳಿದ ಮೇಲೆ ಹಲವು ತಿಂಗಳು ಗುಳಿಗೆ ನುಂಗಿದರು. ಅವುಗಳಿಂದ ಮುಖ ದುಂಡಗಾಯಿತು, ಸಕ್ಕರೆ ಕಾಯಿಲೆ ಬಂತು. ಒಮ್ಮೆ ಗುಳಿಗೆ ಬಿಟ್ಟಾಗ ಊತ ತಿರುಗಿ ಬಂದು, ಮತ್ತೆ ಶುರು ಮಾಡಬೇಕಾಯಿತು. ಕೈಗಡಿಯಾರವನ್ನು ತಮ್ಮ ವಾಪಸು ಕೊಟ್ಟ. ಸಾಲೆಯವರು ಪುಸ್ತಕಗಳಿಗೆ ಮೊಹರು ಹಾಕಿಬಿಟ್ಟಿದ್ದರು, ಕೊಡಲಿಲ್ಲ. ಬೇಕಾದರೆ ಬಂದು ಓದಿ ಎಂದರು. ಮಾಸ್ತರರು ಹೋಗಿ ಓದುತ್ತಾರೆ. ಪಕ್ಕದ ಹೊಲದವನು ಮಾತ್ರ ಬದುವನ್ನು ಎರಡು ಮೊಳ ಇವರ ಹೊಲದೊಳಕ್ಕೆ ಸರಿಸಿಕೊಂಡ. ಇವರು ಏನೂ ಅನ್ನಲಿಲ್ಲವಂತೆ.

ತರಬೇತಿ ಮುಗಿಸಿ ನಾನು ಸಿಂದಗಿಗೆ ಬಂದೆ. ಈಗ ಒಬ್ಬೊಬ್ಬರನ್ನು ನೋಡಲು ಮೊದಲಿನ ಎರಡರಷ್ಟು ಹೊತ್ತು ಹಿಡಿಯುತ್ತದೆ, ಹೊರಗೆ ಜನ ಗೊಣಗುತ್ತಾರೆ. ಮುದ್ದೇಬಿಹಾಳ, ಬಾಗೇವಾಡಿಯ ಡಾಕ್ಟರರು ಕಷ್ಟದ ಹೊಟ್ಟೆಗಳ ಚಿತ್ರಗಳನ್ನು ಕಳಿಸಿ ನನ್ನ ಅಭಿಪ್ರಾಯ ಕೇಳುತ್ತಾರೆ. ಕೆಲವಕ್ಕೆ ಉತ್ತರ ಗೊತ್ತಿರುತ್ತದೆ. ಗೊತ್ತಿಲ್ಲದವನ್ನು ಪ್ರೊಫೆಸರ್‌ಗೆ ಕಳಿಸುತ್ತೇನೆ. ಅವರು ಉತ್ತರದ ಬದಲು ಒಂದು ಪ್ರಶ್ನೆ ಕಳಿಸುತ್ತಾರೆ.

ಮಾಸ್ತರರು ಆರು ತಿಂಗಳಿಗೊಮ್ಮೆ ಬರುತ್ತಾರೆ. ಚೀಟಿ ಮಾಡಿಸಿ ಪಾಳಿಯಲ್ಲೇ ಕೂಡುತ್ತಾರೆ, ಒಳಗೆ ಕರೆದರೂ ಬರುವುದಿಲ್ಲ. ಬರುವಾಗ ತಮ್ಮ ಊರಿನವರಲ್ಲಿ ಯಾರನ್ನಾದರೂ ಕರೆತರುತ್ತಾರೆ. ಹೋದ ಸಲ ಬಂದವನು ಕಪ್ಪಗಿನ ಎತ್ತರದ ಮುದುಕ. ಮಲಗಿ ಅಂಗಿ ಮೇಲೆತ್ತಿದ. ಹೊಟ್ಟೆಯಲ್ಲಿ ಉರಿ, ಆರು ತಿಂಗಳಾಯಿತು ಎಂದ. ನಾನು ಎರಡು ಲೋಟ ನೀರು ಕುಡಿಯಲು ಹೇಳಿದೆ.

ಮಾಸ್ತರರು ಬಾಗಿಲಲ್ಲಿ ನಿಂತು, “ಸಾವಕಾಶ ನೋಡವಾ,” ಎಂದರು. “ನಮ್ಮ ಬಾಜೂ ಹೊಲದಾವ.”