ಹಿನ್ನೀರಿನ ಮಂಜಿನಲ್ಲಿ ಹಾದುಹೋದ ಬೋಟು

ದೆವ್ವ, ಶಕುನ, ಮುಂದಾಗುವುದು ಮೊದಲೇ ತಿಳಿಯುವುದು, ಇಂಥ ಮಾತು ಬಂದರೆ ನಗುತ್ತಿದ್ದವರಲ್ಲಿ ನಾನೂ ಒಬ್ಬ. ಬರೀ ನಕ್ಕು ಸುಮ್ಮನಿರುತ್ತಿರಲಿಲ್ಲ, ವಾದಕ್ಕೂ ಇಳಿಯುತ್ತಿದ್ದೆ. ಮೂಡಲಗಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು ನಾನು. ಹುಣಸೆಮರದಲ್ಲಿ ದೆವ್ವ ಕಂಡಿತೆಂದು ಹೆದರಿದ ಮಕ್ಕಳನ್ನು ಅದೇ ಮರದ ಕೆಳಗೆ ಕೂರಿಸಿ ಪಾಠ ಮಾಡಿದ್ದೇನೆ. ಈಗ ಬರೆಯುತ್ತಿರುವುದನ್ನು ಬೇರೆ ಯಾರಾದರೂ ನನಗೆ ಹೇಳಿದ್ದರೆ, ಚಹಾ ಕುಡಿಸಿ, ಚೆನ್ನಾಗಿ ನಿದ್ದೆ ಮಾಡಿರಿ ಎಂದು ಕಳಿಸಿಬಿಡುತ್ತಿದ್ದೆ. ಓದಿದ ಮೇಲೆ ನೀವೂ ನನ್ನ ಬಗ್ಗೆ ಹಾಗೇ ಅಂದುಕೊಂಡರೆ ಬೇಸರವಿಲ್ಲ.

ಭರತೇಶ ನನ್ನ ಜೊತೆ ಗೋಕಾಕದ ಕಾಲೇಜಿನಲ್ಲಿ ಓದಿದವನು. ಅವನ ಹೊಲಮನೆ ಹುಕ್ಕೇರಿ ತಾಲೂಕಿನಲ್ಲಿ, ಹಿಡಕಲ್ ಜಲಾಶಯದ ಹಿನ್ನೀರಿನ ದಂಡೆಗೆ. ಮನೆಯಲ್ಲಿ ಅರ್ಧ ಮರಾಠಿ, ಅರ್ಧ ಕನ್ನಡ ಆಡುವ ಜೈನ ಒಕ್ಕಲಿಗರು. ಅವನ ತಂದೆಯ ಕಾಲದಲ್ಲಿ ಅಲ್ಲಿ ಒಂದು ಮೋಟರ್ ಬೋಟು ಓಡುತ್ತಿತ್ತು. ಕಬ್ಬಿಣದ ತಗಡಿನ, ಅಗಲ ಹೊಟ್ಟೆಯ ಬೋಟು. ಆಚೆ ದಂಡೆಯ ಕುರುಬರ ವಸ್ತಿಯ ಜನರನ್ನು ಸಂತೆಗೆ, ದವಾಖಾನೆಗೆ ಅದು ದಾಟಿಸುತ್ತಿತ್ತು. ಆ ಕಡೆಗೊಂದು ರಸ್ತೆ ಆದದ್ದೇ ಬೋಟಿನ ಕೆಲಸ ಮುಗಿಯಿತು. ಭರತೇಶನ ಅಂಗಳದ ಬೇವಿನ ಮರದ ಕೆಳಗೆ ಬೋರಲು ಬಿದ್ದು ವರ್ಷಗಟ್ಟಲೆ ಕೋಳಿಗಳಿಗೆ ಮನೆಯಾಗಿತ್ತು.

ಕೆಲವು ವರ್ಷಗಳ ಹಿಂದೆ ದೊಡ್ಡ ಮಳೆ ಬಂದಾಗ ಆ ರಸ್ತೆಯ ಹಳ್ಳದ ಸೇತುವೆ ಕೊಚ್ಚಿಹೋಯಿತು. ವಸ್ತಿಯವರು ಊರೂರು ಸುತ್ತಿ ಹುಕ್ಕೇರಿ ಮುಟ್ಟಬೇಕಾಯಿತು. ಆಗ ಭರತೇಶ ನನಗೆ ಫೋನ್ ಮಾಡಿದ.

"ಮಾಸ್ತರ, ನಿನಗ ಇಂಜಿನ್ ಹುಚ್ಚು ಐತಿ. ನನಗೀಗ ಬೋಟಿನ ಹುಚ್ಚು ಹಿಡದೈತಿ. ಬಾ, ಕೂಡೇ ಹಾಳಾಗೂಣು."

ರಜೆ ಸಿಕ್ಕಾಗಲೆಲ್ಲ ಹೋದೆ. ಕೋಳಿಗಳನ್ನು ಓಡಿಸಿ, ಜನ ಕೂಡಿಸಿ ಬೋಟನ್ನು ಮಗುಚಿ ನೆಟ್ಟಗೆ ನಿಲ್ಲಿಸಿದೆವು. ತಂತಿ ಬ್ರಷ್ಷಿನಿಂದ ಕೆರೆದರೆ ತುಕ್ಕು ಹಪ್ಪಳದಂತೆ ಎದ್ದು ಬರುತ್ತಿತ್ತು. ಕೆಲವು ಕಡೆ ತುಕ್ಕಿನ ಹಿಂದೆ ತಗಡೇ ಇರಲಿಲ್ಲ, ನೇರ ಆಕಾಶ ಕಾಣುತ್ತಿತ್ತು. ಅಲ್ಲೆಲ್ಲ ಹೊಸ ತಗಡು ಕೊಯ್ದು ಬೆಸುಗೆ ಹಾಕಿಸಿದೆವು, ತಳಕ್ಕೆ ಡಾಂಬರು ಬಳಿದೆವು. ನೀರು ತಳ್ಳುವ, ಸೊಟ್ಟಗಾಗಿದ್ದ ಪಂಖಾ ಗೋಕಾಕದ ಲೇಥ್ ಅಂಗಡಿಗೆ ಹೋಗಿ ನೆಟ್ಟಗಾಗಿ ಬಂತು. ಹಳೆಯ ಇಂಜಿನ್ನಂತೂ ಒಂದೇ ಕಬ್ಬಿಣದ ಗಟ್ಟಿಯಾಗಿಬಿಟ್ಟಿತ್ತು. ಅದನ್ನು ಗುಜರಿಗೆ ಹಾಕಿ, ಮೂಡಲಗಿಯ ಕಬ್ಬಿನ ಗದ್ದೆಯೊಂದರಲ್ಲಿ ನೀರೆತ್ತುತ್ತಿದ್ದ ಡೀಸೆಲ್ ಇಂಜಿನ್ ತಂದೆ. ಗೋಕಾಕದ ಪರಿಚಯದವರ ಗ್ಯಾರೇಜಿನಲ್ಲಿ ಅದನ್ನು ಪೂರ್ತಿ ಬಿಚ್ಚಿ ಹರವಿದೆ.

ಅದು ಹಾಗೆ ಬಿಚ್ಚಿಟ್ಟ ಸ್ಥಿತಿಯಲ್ಲಿದ್ದಾಗ ಒಂದು ಭಾನುವಾರ ನಾನು ಭರತೇಶನ ಮನೆಯ ಅಂಗಳದಲ್ಲಿ ಬೋಟಿಗೆ ಬಣ್ಣ ಹಚ್ಚುತ್ತಿದ್ದೆ. ಆಚೆ ವಸ್ತಿಯ ಲಕ್ಕವ್ವ ಸುತ್ತುಹಾದಿ ಹಿಡಿದು ಬಂದಳು. ವಯಸ್ಸಾದ, ಗಟ್ಟಿ ದನಿಯ ಹೆಂಗಸು. ಮಗ ಕುರಿ ಹಿಂಡಿನ ಜೊತೆ ದೂರ ಹೋಗಿದ್ದ. ಬಸುರಿ ಸೊಸೆ ರೇಣುಕಾಳನ್ನು ನೋಡಿಕೊಳ್ಳುತ್ತ ಮನೆಯಲ್ಲಿ ಇವಳೊಬ್ಬಳೇ. ಕಟ್ಟೆಯ ಮೇಲೆ ಕುಳಿತವಳು ಸೀದಾ ಜಗಳಕ್ಕೇ ನಿಂತಳು.

"ದಿನಾ ನಸುಕಿನ್ಯಾಗ ಬೋಟ್ ಹೊಡಕೊಂಡ ಬರತೀರಿ, ನಮ್ಮ ದಂಡಿಗಿ ಯಾಕ ಹಚ್ಚವಲ್ರಿ? ನಾ ಎದ್ದ ಓಡಿ ಬರೂದ್ರಾಗ ಹೊಳ್ಳಿ ಹೋಗಿರತೀರಿ."

"ಬೋಟ್ ಇಲ್ಲೇ ಐತಲ್ಲಬೇ ಕಣ್ಣ ಮುಂದ. ಇದಕ್ಕಿನ್ನಾ ಇಂಜಿನ್ನೇ ಇಲ್ಲ," ಎಂದು ಭರತೇಶ ನಕ್ಕ.

ಪಂಪ್‌ಸೆಟ್ಟಿನ ಸದ್ದಿರಬೇಕು, ನೀರಿನ ಮೇಲೆ ಸದ್ದು ದೂರ ಹೋಗುತ್ತದೆ ಎಂದು ನಾನು ತಿಳಿಸಿ ಹೇಳಿದೆ. ಹಳೆಯ ಬೋಟಿನ ನೆನಪೂ ಹಾಗೆ ಕೇಳಿಸಬಹುದು ಅಂದೆ. ಲಕ್ಕವ್ವ ತಲೆ ಅಲ್ಲಾಡಿಸಿದಳು.

"ಹಳೇ ಬೋಟಿಂದು ನನಗ ಗೊತ್ತಿಲ್ಲೇನ್ರಿ? ಲಗ್ನ ಆಗಿ ಅದರಾಗ ಬಂದಾಕಿ ನಾ. ಅದು ಗುಂಯ್ ಅಂತಿತ್ತು. ಇದು ಹಂಗಲ್ಲ. ಡುಗ್ ಡುಗ್ ಡುಗ್ ಅಂತೈತಿ, ನಡುವ ಒಮ್ಮೆ ಬಿಕ್ಕತೈತಿ, ಮತ್ತ ಡುಗ್ ಡುಗ್."

ಆ ಬಿಕ್ಕನ್ನು ಅವಳು ಗಂಟಲಲ್ಲೇ ಮಾಡಿ ತೋರಿಸಿದಳು. ನಾವಿಬ್ಬರೂ ನಕ್ಕೆವು.

ದೀಪಾವಳಿ ರಜೆಯಲ್ಲಿ ಇಂಜಿನ್ ಕೂಡಿಸಿ, ತಂದು ಬೋಟಿಗೆ ಬಿಗಿದು ಮೊದಲ ಸಲ ಹ್ಯಾಂಡಲ್ ತಿರುವಿದೆ. ಹೊಗೆ ಉಗುಳಿ ಹೊತ್ತಿಕೊಂಡಿತು. ಡುಗ್ ಡುಗ್ ಡುಗ್, ಆಮೇಲೆ ಒಂದು ಬಿಕ್ಕು. ಭರತೇಶ ನನ್ನ ಮುಖ ನೋಡಿದ. ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿರಬೇಕೆಂದು ಬಿಚ್ಚಿ ನೋಡಿದೆ, ನಾಜಲ್ ಬದಲಿಸಿದೆ, ವಾಲ್ವ್ ಹೊಂದಿಸಿದೆ. ಬಿಕ್ಕು ಹೋಗಲಿಲ್ಲ. ಮುದುಕಿಯ ಊಹೆ ಕೂಡಿಬಂತು, ಅಷ್ಟೇ ಅಂದೆ. ಒಳಗೆಲ್ಲೋ ಒಂದಿಷ್ಟು ಕಸಿವಿಸಿ ಮಾತ್ರ ಉಳಿಯಿತು.

ಮಾರನೆಯ ದಿನ ಬೆಳಕು ಹರಿಯುವಾಗ ಬೋಟನ್ನು ನೀರಿಗೆ ಇಳಿಸಿ ನಾವಿಬ್ಬರೇ ಹೊರಟೆವು. ಭರತೇಶ ಚುಕ್ಕಾಣಿಗೆ, ನಾನು ಇಂಜಿನ್ ಬಳಿ. ತಳದಿಂದ ಒಂದು ಹನಿ ನೀರೂ ಸೋರಲಿಲ್ಲ. ಮಕ್ಕಳಂತೆ ಕೂಗಾಡಿದೆವು. ನಡುನೀರಿಗೆ ಬರುವಷ್ಟರಲ್ಲಿ ಮಂಜು ಕವಿಯತೊಡಗಿತು. ಮೊದಲು ಆಚೆ ಗುಡ್ಡ ಮರೆಯಾಯಿತು, ಆಮೇಲೆ ನಮ್ಮ ದಂಡೆ, ಕೊನೆಗೆ ಬೋಟಿನ ಮೂತಿಯೂ ಕಾಣದಾಯಿತು. ಬಿಸಿಲೇರಿದರೆ ಕರಗುತ್ತದೆ, ಅಲ್ಲಿಯವರೆಗೆ ನಿಲ್ಲೋಣ ಎಂದು ನಾನು ಇಂಜಿನ್ ಬಂದ್ ಮಾಡಿದೆ.

ಇಂಜಿನ್ ನಿಂತಿತು. ಸದ್ದು ನಿಲ್ಲಲಿಲ್ಲ.

ಮೊದಲು ನನ್ನ ಕಿವಿಯೇ ಗುಯ್‌ಗುಡುತ್ತಿದೆ ಅಂದುಕೊಂಡೆ. ಇಂಜಿನ್ ಮೇಲೆ ಕೈ ಇಟ್ಟೆ. ಬಿಸಿಯಾಗಿತ್ತು, ಅಲುಗಾಟವಿರಲಿಲ್ಲ. ಸದ್ದು ಬರುತ್ತಿದ್ದದ್ದು ಆಚೆ ದಂಡೆಯ ಕಡೆಯಿಂದ. ಡುಗ್ ಡುಗ್ ಡುಗ್, ಬಿಕ್ಕು, ಡುಗ್ ಡುಗ್. ಪ್ರತಿಧ್ವನಿ ಎನ್ನೋಣವೆಂದರೆ ಮೂಲ ಧ್ವನಿಯೇ ಇಲ್ಲ. ಆ ಹಿನ್ನೀರಿನ ಭಾಗದಲ್ಲಿ ಇನ್ನೊಂದು ಮೋಟರ್ ಬೋಟಂತೂ ಇರಲೇ ಇಲ್ಲ. ಮೀನುಗಾರರದು ಬರೀ ಹುಟ್ಟು ಹಾಕುವ ತೆಪ್ಪ.

ಸದ್ದು ಹತ್ತಿರ ಬಂತು. ಭರತೇಶ ಬಾಯಲ್ಲೇ ಜೈನರ ಣಮೋಕಾರ ಮಂತ್ರ ಹೇಳಿಕೊಳ್ಳತೊಡಗಿದ. ಡೀಸೆಲ್ ಹೊಗೆಯ ವಾಸನೆ ಬಂತು. ನಮ್ಮ ಬಲಗಡೆ, ಒಂದು ಎತ್ತಿನ ಗಾಡಿಯ ಉದ್ದದಷ್ಟು ಸಮೀಪದಲ್ಲಿ, ಅದು ಹಾದುಹೋಗತೊಡಗಿತು. ಬಿಳಿ ಮಂಜಿನ ಹೊರತು ಏನೂ ಕಾಣಲಿಲ್ಲ. ಅದರೊಳಗಿಂದ ಒಬ್ಬ ಹೆಂಗಸು ನರಳುವುದು ಕೇಳಿಸಿತು. ಹಿಂದೆಯೇ ಗಂಡಸಿನ ದನಿ:

"ಯವ್ವಾ, ಈ ಸ್ವೆಟರ್ ಆಕಿ ತಲಿ ಕೆಳಗ ಇಡ್ರಿ."

ಅದು ನನ್ನ ದನಿ. ತನ್ನ ದನಿ ಹೊರಗಿನಿಂದ ಹೇಗೆ ಕೇಳುತ್ತದೆಂಬುದು ಬಹಳ ಜನರಿಗೆ ಗೊತ್ತಿರುವುದಿಲ್ಲ. ನನಗೆ ಗೊತ್ತು. ಶಾಲೆಗಳು ಮುಚ್ಚಿದ್ದ ಕಾಲದಲ್ಲಿ ಮಕ್ಕಳಿಗಾಗಿ ಫೋನಿನಲ್ಲಿ ಪಾಠ ರೆಕಾರ್ಡ್ ಮಾಡಿ, ಕಳಿಸುವ ಮೊದಲು ಒಂದೊಂದನ್ನೂ ಕೇಳುತ್ತಿದ್ದೆ. ತುಸು ಮೂಗಿನಲ್ಲಿ ಬರುವ, ಕೊನೆಯ ಅಕ್ಷರ ಎಳೆಯುವ ಅದೇ ದನಿ. ಸ್ವೆಟರ್ ಇನ್ನೂ ನನ್ನ ಮೈಮೇಲೇ ಇತ್ತು.

ಆಮೇಲೆ ಅಲೆ ಬಂತು. ಬೋಟು ಹಾದುಹೋದ ಮೇಲೆ ಏಳುವ ಅಲೆ. ನಿಂತ ನೀರಿನಲ್ಲಿ ನಮ್ಮ ಬೋಟು ಏರಿ ಇಳಿಯಿತು. ಬೋಟಿನ ಅಂಚು ಹಿಡಿದು ಕುಳಿತೆ. ಹೆದರಿಕೆ ಎಂದರೆ ಸರಿಯಾಗದು. ಹೆದರಿದವನು ಓಡಬೇಕೆನ್ನುತ್ತಾನೆ. ನನಗೆ ಅಲ್ಲಾಡುವುದೇ ತಪ್ಪು ಅನ್ನಿಸಿತ್ತು, ಯಾರೋ ಬಹಳ ದೊಡ್ಡವರು ಎದುರಿಗೆ ಬಂದು ನಿಂತಾಗ ಅನ್ನಿಸುವ ಹಾಗೆ. ಸದ್ದು ನಮ್ಮ ದಂಡೆಯ ಕಡೆ ಹೋಗಿ ಕರಗಿತು. ಬಿಸಿಲು ಬಂದ ಮೇಲೆ ಇಬ್ಬರೂ ಮನೆಗೆ ಮರಳಿದೆವು. ಏನು ಕೇಳಿಸಿತೆಂದು ನಾನು ಅವನನ್ನು ಕೇಳಲಿಲ್ಲ, ಅವನೂ ನನ್ನನ್ನು ಕೇಳಲಿಲ್ಲ.

ರಜೆ ಮುಗಿಯುವ ಮುಂಚೆ ಒಂದು ನಸುಕಿನಲ್ಲಿ ಭರತೇಶನ ಫೋನ್ ಬಡಿಯಿತು. ಲಕ್ಕವ್ವ. ರೇಣುಕಾಳಿಗೆ ದಿನ ತುಂಬುವ ಮೊದಲೇ ಬೇನೆ ಶುರುವಾಗಿತ್ತು, ರಕ್ತ ಹೋಗುತ್ತಿತ್ತು. ಆಂಬ್ಯುಲೆನ್ಸು ಹಳ್ಳದ ಆಚೆಗೇ ನಿಲ್ಲಬೇಕು, ಊರೂರು ಸುತ್ತಿ ಬರುವಷ್ಟು ಹೊತ್ತಿಲ್ಲ. "ಬೋಟ್ ತರ್ರಿ, ಕೈ ಮುಗೀತೇನಿ," ಎನ್ನುತ್ತಿದ್ದಳು.

ಹೊರಗೆ ಬಂದು ನೋಡಿದರೆ ಮಂಜು. ಅಂಗಳದ ಬೇವಿನ ಮರವೇ ಕಾಣುತ್ತಿರಲಿಲ್ಲ. ನೀರಿನೊಳಗೆ, ಜಲಾಶಯ ಕಟ್ಟಿದಾಗ ಮುಳುಗಿದ ಹಳೆಯ ಊರಿನ ಗೋಡೆಗಳಿವೆ, ಒಣಗಿದ ಮರಗಳ ಬೊಡ್ಡೆಗಳಿವೆ. ಒಂದಕ್ಕೆ ಬಡಿದರೂ ನಾಲ್ಕು ಜೀವ ಹೋಗುತ್ತವೆ. ಮಂಜು ಕರಗಲಿ ಅಂದೆ. ಭರತೇಶ ಕೇಳಲಿಲ್ಲ. ಆಂಬ್ಯುಲೆನ್ಸಿಗೆ ಈಚೆ ದಂಡೆಗೆ ಬರಲು ಹೇಳಿದ. ಟ್ರ್ಯಾಕ್ಟರನ್ನು ನೀರಿನ ಅಂಚಿಗೆ ತಂದು, ಅದರ ಟೇಪಿನಲ್ಲಿ ಭಜನೆಯ ಹಾಡು ಗಟ್ಟಿಯಾಗಿ ಹಚ್ಚಿದ. "ಬರೂ ಮುಂದ ಇದರ ಸಪ್ಪಳದ ಮ್ಯಾಲ ಬರೂದು. ಹೋಗೂ ಮುಂದ ಲಕ್ಕವ್ವ ತಾಟ್ ಬಡೀತಾಳ. ನಡಿ, ಏನೂ ಆಗೂದಿಲ್ಲ." ಯಾವತ್ತೂ ಅಳುಕಿನ ಮನುಷ್ಯ ಅವನು. ಅವತ್ತು ಅವನ ದನಿಯಲ್ಲಿ ಅಳುಕೇ ಇರಲಿಲ್ಲ.

ತಾಟಿನ ಸದ್ದು ಹಿಡಿದು ಆಚೆ ದಂಡೆ ಮುಟ್ಟಿದೆವು. ವಸ್ತಿಯವರು ಕಂಬಳಿಯಲ್ಲಿ ಎತ್ತಿ ತಂದ ರೇಣುಕಾಳನ್ನು ಬೋಟಿನಲ್ಲಿ ಮಲಗಿಸಿದೆವು. ಅವಳ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಲಕ್ಕವ್ವ ಅವಳ ಕಾಲ ಬಳಿ ಕುಳಿತಳು. ಹೊರಟೆವು. ಬೋಟಿನ ತಗಡಿಗೆ ರೇಣುಕಾಳ ತಲೆ ಬಡಿಯುತ್ತಿತ್ತು. ನಾನು ಸ್ವೆಟರ್ ಬಿಚ್ಚಿ ಚಾಚಿದೆ.

"ಯವ್ವಾ, ಈ ಸ್ವೆಟರ್ ಆಕಿ ತಲಿ ಕೆಳಗ ಇಡ್ರಿ."

ಮಾತು ಬಾಯಿಂದ ಹೊರಬಿದ್ದ ಮೇಲೆ ಅದು ನನ್ನ ಕಿವಿಗೆ ಬಿತ್ತು. ಹಾಗಾದರೆ ಇಲ್ಲೇ, ಈ ಮಂಜಿನಲ್ಲೇ ಎಲ್ಲೋ, ಇಂಜಿನ್ ಬಂದ್ ಮಾಡಿದ ಒಂದು ಬೋಟಿನಲ್ಲಿ ಇಬ್ಬರು ಕುಳಿತಿದ್ದಾರೆ. ಒಬ್ಬ ಮಂತ್ರ ಹೇಳಿಕೊಳ್ಳುತ್ತಿದ್ದಾನೆ. ಇನ್ನೊಬ್ಬ ಇದೇ ಸ್ವೆಟರ್ ತೊಟ್ಟು ಉಸಿರು ಬಿಗಿಹಿಡಿದಿದ್ದಾನೆ. ನಾನು ಬಲಗಡೆ ಬಾಗಿ ಕಣ್ಣು ಕಿರಿದು ಮಾಡಿ ನೋಡಿದೆ. ಏನೂ ಕಾಣಲಿಲ್ಲ. ಹೆದರಬ್ಯಾಡ್ರೋ ಎಂದು ಕೂಗಲು ಬಾಯಿ ತೆರೆದೆ.

ಅಷ್ಟರಲ್ಲಿ ನನ್ನ ಹಿಂದೆ ಮಗು ಅತ್ತಿತು.

ಲಕ್ಕವ್ವನ ಎರಡು ಕೈಯ ನಡುವೆ, ಅಂಗೈ ಅಗಲದಷ್ಟು ಜೀವ. "ಹೆಣ್ಣ ಐತಿ," ಅಂದಳು. ತನ್ನ ಸೆರಗಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡಳು. ಭರತೇಶ ಹಿಂದೆ ತಿರುಗಿಯೂ ನೋಡಲಿಲ್ಲ. ಅವನ ಗದ್ದದಿಂದ ಕಣ್ಣೀರು ಇಳಿಯುತ್ತಿತ್ತು, ಚುಕ್ಕಾಣಿ ಹಿಡಿದ ಕೈ ಮಾತ್ರ ಅಲುಗಲಿಲ್ಲ. ಭಜನೆಯ ಹಾಡಿನ ಕಡೆಗೆ ಬೋಟು ನೆಟ್ಟಗೆ ಹೋಯಿತು. ದಂಡೆಯಲ್ಲಿ ಆಂಬ್ಯುಲೆನ್ಸು ನಿಂತಿತ್ತು. ಇನ್ನೊಂದಿಷ್ಟು ತಡವಾಗಿದ್ದರೆ ತಾಯಿ ಉಳಿಯುತ್ತಿರಲಿಲ್ಲವೆಂದು ಹುಕ್ಕೇರಿಯಲ್ಲಿ ಡಾಕ್ಟರರು ಆಮೇಲೆ ಹೇಳಿದರು.

ತಾಯಿ ಮಗಳು ಇಬ್ಬರೂ ಉಳಿದರು. ಲಕ್ಕವ್ವನಿಗೆ ಅಂದಿನಿಂದ ನಸುಕಿನಲ್ಲಿ ಯಾವ ಸದ್ದೂ ಕೇಳಿಲ್ಲವಂತೆ. ಅವಳಿಗೆ ಇದು ಆಶ್ಚರ್ಯದ ಮಾತೇ ಅಲ್ಲ. "ಬರೂದಿತ್ತು, ಬಂತು" ಅನ್ನುತ್ತಾಳೆ.

ನನಗೆ ಹಾಗೆ ಬಿಟ್ಟುಬಿಡಲು ಆಗಲಿಲ್ಲ. ಮಂಜಿನಲ್ಲಿ ಸದ್ದು ಹೇಗೆ ಬಾಗುತ್ತದೆ, ಭಯದಲ್ಲಿ ನೆನಪು ಹೇಗೆ ಹಿಂದುಮುಂದಾಗುತ್ತದೆ, ಎಲ್ಲ ಓದಿದೆ. ಯಾವುದೂ ಆ ಅಲೆಗೆ ಉತ್ತರವಾಗಲಿಲ್ಲ. ಕೂಸಿಗೆ ಹೆಸರಿಟ್ಟ ದಿನ, ಊಟ ಮುಗಿಸಿ ಹೊರಗೆ ಕುಳಿತಾಗ ಕಡೆಗೂ ಭರತೇಶನನ್ನು ಕೇಳಿದೆ. ಆ ಮೊದಲ ದಿನ ನಿನಗೆ ಏನೇನು ಕೇಳಿಸಿತು?

"ನಿನ್ನ ದನಿ ಕೇಳ್ತು. ಬೋಟ್ ದೂರ ಹೋದಮ್ಯಾಲ ಕೂಸು ಅತ್ತಿದ್ದು ಕೇಳ್ತು."

ಆ ಅಳು ನನಗೆ ಕೇಳಿಸಿರಲಿಲ್ಲ. ಹಾಗೆಂದೆ.

"ನೀ ಬೋಟ್ ಹಿಡಕೊಂಡು ತಲಿ ಬಗ್ಗಿಸಿದ್ದಿ. ನಾ ಕೇಳೇನಿ. ಅದಕ್ಕ ಆ ದಿವಸ ಮಂಜಿನ್ಯಾಗ ಬೋಟ್ ಬಿಟ್ಟೆ. ಇಲ್ಲಂದ್ರ ನನಗೆಲ್ಲಿ ಧೈರ್ಯ, ಮಾಸ್ತರ? ಕೂಸು ಅಳತೈತಿ, ದಂಡಿ ಮುಟ್ಟತೇವಿ ಅಂತ ನನಗ ಗೊತ್ತಿತ್ತು."

ಆ ಅಳು ಕೇಳದಿದ್ದರೆ ಅವನು ಬೋಟು ಬಿಡುತ್ತಿರಲಿಲ್ಲ. ಬೋಟು ಬಿಡದಿದ್ದರೆ ಆ ಅಳು ಎಲ್ಲಿಂದ ಬರಬೇಕು? ಇದರ ಮೊದಲು ಯಾವುದು, ಆಮೇಲಿನದು ಯಾವುದು? ಇವತ್ತಿಗೂ ಇದನ್ನು ಬಿಡಿಸಲು ನನಗೆ ಬಂದಿಲ್ಲ.

"ಅಳು ಕೇಳಿದ ಮ್ಯಾಲ ಮತ್ತೇನರ ಕೇಳ್ತೇನು?" ಅಂದೆ, ಸುಮ್ಮನೆ.

ಭರತೇಶ ನೀರಿನ ಕಡೆ ನೋಡಿದ. "ಕೇಳ್ತು," ಅಂದ. ಎದ್ದು, ಧೋತರ ಕೊಡವಿಕೊಂಡು, ಎಮ್ಮೆಗೆ ಮೇವು ಹಾಕಲು ಹೋದ.

ಅದು ಏನು, ಇನ್ನೂ ಮುಂದೆ ಆಗಬೇಕಾದದ್ದೋ ಎಂದು ಅವನು ಹೇಳಿಲ್ಲ. ನಾನೂ ಇನ್ನೊಮ್ಮೆ ಕೇಳಿಲ್ಲ.